ಹೊಳೆಯ ಎದುರಿಗೆ ಹೋದ ಬಾಗಿಲು

ಏನಾಗಿರಬಹುದು, ಊಹಿಸಿ ನೋಡೋಣ. ಮೂವತ್ತನಾಲ್ಕು ವರ್ಷ ದಿನವೂ ಹೊತ್ತು ಹುಟ್ಟುವಾಗ ಹೊಳೆಗೆ ಇಳಿದು ಮೀನುಗಳನ್ನು ಹೆಸರು ಹಿಡಿದು ಕರೆದ ಒಬ್ಬ ಮನುಷ್ಯ. ಅವನ ಹಿಂದೆ, ಮೆಟ್ಟಿಲ ತುಂಬ, ದಡದ ತುಂಬ ನಿಂತ ಊರು. ಅವನ ಎಡಗೈಯಲ್ಲಿ ಅನ್ನದ ಬುಟ್ಟಿ. ಆವತ್ತು ಅವನು ಯಾವತ್ತಿನ ಹಾಗೆ ಹೆಸರುಗಳ ಮಾಲೆ ಬಿಚ್ಚಲಿಲ್ಲ, ಒಂದೇ ಒಂದು ಹೆಸರು ಕರೆದ. ಕರೆದ ಮೇಲೆ ಏನಾಯಿತು? ಮೀನು ಬಂತು ಅಂತೀರಾ? ಬಂತು. ಆದರೆ ಅಷ್ಟಕ್ಕೇ ಎದ್ದು ಹೋಗಬೇಡಿ. ಮೀನನ್ನು ಬಾಲ ಹಿಡಿದು ಎತ್ತಲು ಹೋದರೆ ಜಾರುತ್ತದೆ, ಇಂಥ ಕತೆಯೂ ಹಾಗೆಯೇ. ತಲೆಯಿಂದಲೇ ಹಿಡಿಯೋಣ.

ಊರಿನ ಹೆಸರು ಬೇಡ. ಹೊಳೆಯೊಂದು ಮೊಣಕೈ ಮಡಿಸಿದ ಹಾಗೆ ತಿರುಗುವ ಕಡೆ, ಆ ಮಡಿಕೆಯೊಳಗೆ ಕೂತ ಊರು ಅಂದುಕೊಳ್ಳಿ. ಹತ್ತೊಂಬತ್ತು ಮನೆ. ಮನೆಗೊಂದು ಮೀನು. ಬಾಗಿಲ ಮೇಲೆ, ಆಳೆತ್ತರದಲ್ಲಿ, ಆ ಮನೆಯ ಮೀನಿನ ಕೆತ್ತನೆ. ಹೊಳೆಗೆ ಹದಿನೇಳು ಮೆಟ್ಟಿಲು. ಹೊತ್ತು ಹುಟ್ಟುವಾಗ ಕರೆಯುವವನು ಇಳಿಯುತ್ತಾನೆ. ಕೊನೆಯ ಮೆಟ್ಟಿಲನ್ನು ತೆಂಗಿನ ಚಿಪ್ಪಿನಿಂದ ಮೂರು ಸಲ ಬಡಿಯುತ್ತಾನೆ. ಬಿಳಿಮೀನೇ ಬಾ, ಅನ್ನುತ್ತಾನೆ. ಒಂದು ಹಿಡಿ ಅನ್ನ. ಕೊರವನೇ ಬಾ, ಒಂದು ಹಿಡಿ ಅನ್ನ. ಬಾಳೆಮೀನೇ ಬಾ, ಚೇಳುಮೀನೇ ಬಾ, ಗಿರ್ಲೇ ಬಾ, ಕುಚ್ಚೇ ಬಾ, ಹಾವುಮೀನೇ ಬಾ. ಹೀಗೆ ಹತ್ತೊಂಬತ್ತು ಹೆಸರು, ಹತ್ತೊಂಬತ್ತು ಹಿಡಿ. ಮೇಲಿನ ಮೆಟ್ಟಿಲಲ್ಲಿ ಮನೆಗೊಬ್ಬರಂತೆ ಹೆಂಗಸರು ನಿಂತಿರುತ್ತಾರೆ. ತಮ್ಮ ಮನೆಯ ಮೀನು ನೀರಿನ ಮೇಲೆ ಬಾಯಿ ತೆರೆದದ್ದು ಕಂಡೊಡನೆ, "ಬಂತು" ಅನ್ನುತ್ತಾರೆ. ಅಂದವರು ಮನೆಗೆ ಹೋಗಿ ಒಲೆ ಹಚ್ಚುತ್ತಾರೆ. "ಬಂತು" ಅನ್ನದೆ ಒಲೆ ಇಲ್ಲ.

ಇನ್ನು ಆ ಊರಿನ ಕಟ್ಟಳೆ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಯಾವ ಮನೆಯ ಮೀನು ಬರುವುದಿಲ್ಲವೋ, ಆ ಮನೆಯ ಬಾಗಿಲನ್ನು ಕೀಲಿನಿಂದ ಬಿಡಿಸಬೇಕು. ನಾಲ್ಕು ಜನ ಹೊರಬೇಕು. ಕೆತ್ತನೆ ಮೇಲೆ ಮಾಡಿ ಹೊಳೆಯ ಮೇಲೆ ಮಲಗಿಸಬೇಕು. ಬಾಗಿಲು ತೇಲುತ್ತ ತೇಲುತ್ತ ಹೊಳೆಯ ತಿರುವು ದಾಟುವವರೆಗೆ ಯಾರೂ ಮಾತಾಡಬಾರದು. ಆಮೇಲೆ ಆ ಮನೆಗೆ ಬಾಗಿಲಿಲ್ಲ. ಬಾಗಿಲಿಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ, ಅಲ್ಲಿಂದ ಹೆಣ್ಣು ತರುವುದಿಲ್ಲ. ಎದುರಿಗೆ ಹಾದುಹೋಗುವವರು ಒಳಗೆ ನೋಡದೆ ಮುಖ ತಿರುಗಿಸುತ್ತಾರೆ. ಮರ್ಯಾದೆಗೆ ತಿರುಗಿಸುತ್ತಾರೋ ಹೆದರಿ ತಿರುಗಿಸುತ್ತಾರೋ, ಅವರಿಗೇ ಗೊತ್ತಿಲ್ಲ. ಕರೆಯುವವನ ತಾತನ ಕಾಲದಲ್ಲಿ ಒಂದು ಬಾಗಿಲೂ ಹೋಗಿರಲಿಲ್ಲ. ಅಪ್ಪನ ಕಾಲದಲ್ಲೂ ಹೋಗಿರಲಿಲ್ಲ.

ಕಟ್ಟಳೆಗೆ ಬಾಲದಂತೆ ಇನ್ನೆರಡು ಮಾತು ಇವೆ, ಇವನ್ನು ಮರೆಯಬೇಡಿ. ಮೆಟ್ಟಿಲ ಅನ್ನ ತಿಂದ ಜೀವಕ್ಕೆ ಬಲೆ ಇಲ್ಲ. ಊರಿನ ಬಲೆಗಳೆಲ್ಲ ದೂರದ ಕೆರೆಯಲ್ಲಿ ಬೀಳಬೇಕು, ಹೊಳೆಯಲ್ಲಲ್ಲ. ಮತ್ತೆ, ಬೇರೆ ನೀರಿನಿಂದ ಬಂದದ್ದಕ್ಕೆ ಮೊದಲ ತುತ್ತು. ಮನೆಯವರಿಗೆ ಆಮೇಲೆ.

ಹೊಳೆ ಬತ್ತಿ ಬಂಡೆಗಳ ಬೆನ್ನು ಕಾಣುತ್ತಿದ್ದ ಒಂದು ಬೇಸಿಗೆ, ಊರ ಯಜಮಾನ ಕೆಳಗಿನ ಸೀಮೆಯ ಸಂತೆಯಿಂದ ಒಂದು ಕೊಡ ತಂದ. ಕೊಡದೊಳಗೆ ಕಪ್ಪಗೆ, ಮೀಸೆ ಬಿಟ್ಟುಕೊಂಡು, ನುಣುಪಾಗಿ ನಾಲ್ಕು ಮೀನು. ನೀರು ಅಂಗೈಯಷ್ಟಿದ್ದರೂ ಬದುಕುತ್ತವಂತೆ. ಏನು ಹಾಕಿದರೂ ತಿನ್ನುತ್ತವಂತೆ. ನೋಡುನೋಡುತ್ತಿದ್ದಂತೆ ಬೆಳೆಯುತ್ತವಂತೆ.

"ನಮ್ಮ ಹೊಳೆ ಬಡವಾಗಿದೆ," ಅಂದ ಯಜಮಾನ. "ಒಂದಿಷ್ಟು ತುಂಬಿಕೊಳ್ಳಲಿ. ಬಿಡೋಣ."

ಕರೆಯುವವನು ಬಗ್ಗಿ ನೋಡಿದ. "ಇದರ ಹೆಸರೇನು?"

"ಸಂತೆಯಲ್ಲಿ ಯಾರೂ ಹೇಳಲಿಲ್ಲ."

"ಹೆಸರಿಲ್ಲದ್ದಕ್ಕೆ ಅನ್ನ ಹಾಕುವ ಹಾಗಿಲ್ಲವಲ್ಲ, ಯಜಮಾನರೇ."

"ಇಟ್ಟುಬಿಡು ಮತ್ತೆ. ಮೂವತ್ತು ವರ್ಷದಿಂದ ಬರೀ ಬೇರೆಯವರು ಇಟ್ಟ ಹೆಸರೇ ಕೂಗಿಕೂಗಿ ನಿನ್ನ ಗಂಟಲು ಸವೆದಿದೆ. ಒಂದಾದರೂ ನಿನ್ನದು ಇರಲಿ."

ಆ ಮಾತು ಕರೆಯುವವನ ಎದೆಗೆ ತಂಪಾಗಿ ಇಳಿಯಿತು. ಅವನ ಅಪ್ಪ ಹೆಸರಿಟ್ಟಿರಲಿಲ್ಲ. ತಾತ ಇಟ್ಟಿರಲಿಲ್ಲ. ಅವನು ಅಂಗೈಯಲ್ಲಿ ನೀರು ತೆಗೆದುಕೊಂಡು ಕೊಡದೊಳಕ್ಕೆ ಚಿಮುಕಿಸಿ, "ಅತಿಥಿ" ಅಂದ. ಯಜಮಾನ ಕೊಡ ಬಗ್ಗಿಸಿದ.

ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಅವನ ಹೆಂಡತಿ ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು: "ಇಟ್ಟ ಹೆಸರನ್ನು ವಾಪಸು ತಗೊಳ್ಳೋದು ಹೇಗೆ ಅಂತಲೂ ನಿಮ್ಮಪ್ಪ ಹೇಳಿಕೊಟ್ಟಿದ್ದಾರಾ?"

"ಹೇಳಿದ್ದಾರೆ. ಹೆಸರಿಟ್ಟವನೇ ಮೆಟ್ಟಿಲ ಮೇಲೆ ನಿಂತು ತೆಗೆದೆ ಅನ್ನಬೇಕು. ಅಂದವನ ಬಾಗಿಲು ಹೋಗುತ್ತದೆ."

"ಹಾಗಾದರೆ ಸರಿ. ಗೊತ್ತಿದ್ದೇ ಇಟ್ಟಿದ್ದೀರಿ," ಅಂದಳು. ಅವಳು ಹೊಗಳಿದಳೆಂದು ಅವನು ತಿಳಿದ.

ಮಾರನೆಯ ದಿನದಿಂದ ಕರೆಯ ಮೊದಲ ಹೆಸರು ಅತಿಥಿಯದು. ಅತಿಥಿಯೇ ಬಾ. ಮೊದಲ ಹಿಡಿ ಅತಿಥಿಗೆ. ನಾಲ್ಕು ಬಾಯಿ ಬಂದವು. ಮಳೆ ಬಂದು ಹೋದ ಮೇಲೆ ನಲವತ್ತು ಬಾಯಿ. ಮರುವರ್ಷ ಎಣಿಸುವುದನ್ನು ಬಿಟ್ಟರು. ಒಂದು ಹಿಡಿ ಸಾಲದೆ ಒಂದು ಬುಟ್ಟಿಯಾಯಿತು, ಬುಟ್ಟಿ ಸಾಲದೆ ಮನೆಗೊಂದು ಪಾಲು ಅಕ್ಕಿ ಎತ್ತಿದರು. ಅತಿಥಿ ಕರೆದ ತಕ್ಷಣ ಬರುತ್ತಿತ್ತು, ಚಿಪ್ಪು ಬಡಿಯುವ ಮೊದಲೇ ಬರುತ್ತಿತ್ತು. ಬೇರೆ ಮೀನುಗಳು ಯೋಚಿಸಿ ಬರುವಂಥವು. ಗಿರ್ಲಂತೂ ಒಂದೊಂದು ದಿನ ಅರ್ಧ ತಾಸು ಕಾಯಿಸುತ್ತಿತ್ತು. ಕರೆಯುವವನಿಗೆ ಅತಿಥಿಯ ಮೇಲೆ ಒಂದು ಬಗೆಯ ಹೆಮ್ಮೆ. ತನ್ನ ಬಾಯಿಂದ ಹುಟ್ಟಿದ ಹೆಸರು ಹೇಗೆ ಬೆಳೆಯಿತು ನೋಡಿ, ಅನ್ನುವಂತೆ ನಿಂತಿರುತ್ತಿದ್ದ.

ಮೊದಲು ಬರದೆ ಹೋದದ್ದು ಹುಣಸೆಬೀಜ. ಹಾಗಂದರೆ ಹುಣಸೆಬೀಜದಷ್ಟೇ ಉದ್ದದ, ಅದೇ ಬಣ್ಣದ ಒಂದು ಮೀನು, ಹಿಂಡು ಹಿಂಡಾಗಿ ಬಂದು ಒಂದೊಂದು ಅಗುಳಿಗೆ ಹತ್ತತ್ತು ಜಗಳಾಡುವಂಥದ್ದು. ಅದು ಬಲೆ ನೇಯುವವಳ ಮನೆಯ ಮೀನು. ಅವಳು ಗಂಡ ಸತ್ತವಳು, ಒಬ್ಬಳೇ, ಬಾಯಿ ಸ್ವಲ್ಪ ಒರಟು. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಅವಳು ಮೇಲಿನ ಮೆಟ್ಟಿಲಲ್ಲಿ ನಿಂತಳು, "ಬಂತು" ಅನ್ನಲಿಲ್ಲ, ಒಲೆ ಹಚ್ಚಲಿಲ್ಲ. ನೆನೆಸಿದ ಅವಲಕ್ಕಿ ತಿಂದಳು. ಹುಣ್ಣಿಮೆಯ ಬೆಳಿಗ್ಗೆ ನಾಲ್ಕು ಜನ ಬಂದರು. ಬಾಗಿಲು ಹೊತ್ತರು. ಕೆತ್ತನೆ ಮೇಲೆ ಮಾಡಿ ಮಲಗಿಸಿದರು. ಬಾಗಿಲು ತೇಲುತ್ತ ತೇಲುತ್ತ ತಿರುವು ದಾಟಿತು. ಯಾರೂ ಮಾತಾಡಲಿಲ್ಲ.

ಆಮೇಲೆ ಚೇಳುಮೀನು ಬರಲಿಲ್ಲ. ನಾಲ್ಕು ಜನ ಬಂದರು, ಹೊತ್ತರು, ಮಲಗಿಸಿದರು. ಹಾವುಮೀನು ಬರಲಿಲ್ಲ. ಹೊತ್ತರು, ಮಲಗಿಸಿದರು. ಬಾಗಿಲು ಹೋದ ಮನೆಯ ಹೆಸರು ಕರೆಯಿಂದಲೂ ಹೋಗುತ್ತದೆ. ಕರೆ ಗಿಡ್ಡವಾಗುತ್ತ ಬಂತು. ಮೊದಲೆಲ್ಲ ಕರೆ ಮುಗಿಯುವಷ್ಟರಲ್ಲಿ ಬಿಸಿಲು ಏಳನೆಯ ಮೆಟ್ಟಿಲಿಗೆ ಇಳಿಯುತ್ತಿತ್ತು. ಈಗ ಮೊದಲ ಮೆಟ್ಟಿಲಿಗೂ ಇಳಿಯುವುದಿಲ್ಲ.

ಒಂದು ದಿನ ಬಲೆ ನೇಯುವವಳು ದಡದ ಮರಳಿನಲ್ಲಿ ಸತ್ತುಬಿದ್ದಿದ್ದ ಒಂದು ಅತಿಥಿಯನ್ನು ಎತ್ತಿಕೊಂಡು ಬಂದು, ಎಲ್ಲರೂ ನಿಂತಿದ್ದಾಗ, ಮೆಟ್ಟಿಲ ಮೇಲೆ ಮಲಗಿಸಿ ಹೊಟ್ಟೆ ಸೀಳಿದಳು. ಒಳಗೆ ಮೊಟ್ಟೆ. ಅದರದ್ದಲ್ಲ, ಬೇರೆ ಬೇರೆಯವರದ್ದು; ಹಳದಿ, ಬಿಳಿ, ಸಾಸಿವೆಯಷ್ಟು, ರಾಗಿಯಷ್ಟು. ಅವುಗಳ ನಡುವೆ ಅರ್ಧ ಕರಗಿದ ಬೆರಳುದ್ದದ ಮರಿಗಳು.

ಯಜಮಾನ ಮುಖ ಸಿಂಡರಿಸಿದ. "ಉಂಡವರ ಹೊಟ್ಟೆ ಸೀಳಿ ಏನು ಉಂಡರು ಅಂತ ನೋಡೋದು ಯಾವ ಊರಿನ ಮರ್ಯಾದೆ, ತಾಯಿ?"

"ಬಾಗಿಲಿಲ್ಲದವಳಿಗೆ ಯಾವ ಮರ್ಯಾದೆ, ಯಜಮಾನರೇ. ನಿಮ್ಮ ಬಾಗಿಲು ಗಟ್ಟಿ ಇದೆ, ನೀವು ಇಟ್ಟುಕೊಳ್ಳಿ." ಅವಳು ಕರೆಯುವವನ ಕಡೆ ತಿರುಗಿದಳು. "ಅಣ್ಣಾ, ನೀನು ನೋಡು."

ಅವನು ನೋಡಲಿಲ್ಲ. ಬುಟ್ಟಿ ಕೊಡವುತ್ತ, "ಮೆಟ್ಟಿಲು ತೊಳೆದು ಹೋಗು ತಂಗಿ" ಅಂದ.

"ದಿನಾ ಬಂತು ಬಂತು ಅಂತ ಕೇಳಿಸಿಕೊಂಡು ಹೋಗ್ತೀಯಲ್ಲ," ಅಂದಳು ಅವಳು ನೀರು ಚೆಲ್ಲುತ್ತ. "ಬಂದದ್ದರ ಹಿಂದೆ ಮರಿ ಬಂತಾ ಅಂತ ಒಂದು ದಿನವಾದರೂ ಕೇಳಿದ್ದೀಯಾ?"

ಆ ಮಾತು ಅವನ ಕಿವಿಯಲ್ಲಿ ಸಿಕ್ಕಿಕೊಂಡಿತು, ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ. ಮಾರನೆಯ ದಿನ ಅವನು ಕರೆದು, ಅನ್ನ ಹಾಕಿ, ಎಂದೂ ಇಲ್ಲದ್ದು, ಬಗ್ಗಿ ನೋಡಿದ. ಕೊರವ ಬಂದಿತ್ತು, ದೊಡ್ಡದು. ಬಾಳೆಮೀನು ಬಂದಿತ್ತು, ಮುದಿ. ತನ್ನ ಮನೆಯ ಬಿಳಿಮೀನು ಬಂದಿತ್ತು. ಅದರ ಎಡ ರೆಕ್ಕೆ ಹರಿದಿತ್ತು. ಅವನಪ್ಪನ ಕೊನೆಯ ವರ್ಷದಲ್ಲೂ ಆ ರೆಕ್ಕೆ ಹಾಗೇ ಹರಿದಿತ್ತು. ಅದರ ಹಿಂದೆ ಚಿಕ್ಕದೊಂದು ಇರಲಿಲ್ಲ. ಯಾವುದರ ಹಿಂದೆಯೂ ಇರಲಿಲ್ಲ. ಎಷ್ಟು ವರ್ಷದಿಂದ ಇರಲಿಲ್ಲವೋ. ಅದೇ ಮುದಿ ಮುಖಗಳನ್ನು ಅವನು ದಿನವೂ ಕರೆದು, ಹೊಳೆ ತುಂಬಿದೆ ಅಂದುಕೊಂಡು ಮನೆಗೆ ಹೋಗುತ್ತಿದ್ದ. ಉಳಿದ ನೀರೆಲ್ಲ ಕಪ್ಪು ಮೀಸೆ.

ಅದರದೂ ತಪ್ಪಿಲ್ಲ, ನೋಡಿ. ಹಸಿದದ್ದು ತಿಂದಿತು, ತಿಂದದ್ದು ಬೆಳೆಯಿತು. ತಾನಾಗಿ ನಡೆದು ಬಂದಿದ್ದರೆ ಅತಿಥಿ ಅನ್ನಬಹುದಿತ್ತು. ಕೊಡ ಬಗ್ಗಿಸಿದ ಕೈ ಒಬ್ಬನದು, ಹೆಸರಿಟ್ಟ ಬಾಯಿ ಇನ್ನೊಬ್ಬನದು.

ಅವನು ನೇರವಾಗಿ ಬಲೆ ನೇಯುವವಳ ಮನೆಗೆ ಹೋದ. ಬಾಗಿಲಿಲ್ಲದ ಚೌಕಟ್ಟಿನ ಮುಂದೆ ಎಲ್ಲಿ ತಟ್ಟಬೇಕೋ ತಿಳಿಯದೆ ನಿಂತ.

"ಒಳಗೆ ಬಾ ಅಣ್ಣಾ," ಅಂದಳು. "ತಟ್ಟೋದಕ್ಕೆ ಏನೂ ಉಳಿಸಿಲ್ಲವಲ್ಲ ನೀವು."

ಅವಳು ಆಗಲೇ ನೇಯುತ್ತಿದ್ದಳು. ಹದಿನೇಳು ಮೆಟ್ಟಿಲಿನಷ್ಟು ಅಗಲ, ಆಚೆ ದಡಕ್ಕೆ ಮುಟ್ಟುವಷ್ಟು ಉದ್ದ, ಅಂಥದ್ದೊಂದು ಬಲೆ. ಮನೆಯ ಒಳಗೆಲ್ಲ ಅದೇ. ಉಪಾಯವನ್ನೂ ಅವಳೇ ಹೇಳಿದಳು. ಬಲೆಯನ್ನು ಮೆಟ್ಟಿಲ ಕೆಳಗೆ, ಹೊಳೆಯ ನೆಲಕ್ಕೆ ಹಾಸುವುದು. ಕರೆಯುವವನು ಅತಿಥಿಯನ್ನು ಮಾತ್ರ ಕರೆಯುವುದು. ಬಂದು ತುಂಬಿದ ಮೇಲೆ ಹೆಸರು ತೆಗೆಯುವುದು. ಹೆಸರು ಹೋದದ್ದಕ್ಕೆ ಮೆಟ್ಟಿಲ ಅನ್ನದ ರಕ್ಷೆ ಇಲ್ಲ, ಆಗ ಎಳೆಯುವುದು.

"ಮಿಕ್ಕವು ಬಂದರೆ?" ಅಂದಳು ಅವಳು. "ಅದೊಂದೇ ನನಗೆ ಭಯ."

"ಕರೆಯದೆ ಬರುವುದಿಲ್ಲ. ನನ್ನ ಮೀನು ನನಗೆ ಗೊತ್ತಿಲ್ಲವಾ?" ಅಂದ ಅವನು. "ಅವಕ್ಕೆ ಅವುಗಳ ಹೆಸರು ಗೊತ್ತು. ಆದರೂ ಒಂಬತ್ತು ದಿನ ಮೊದಲೇ ಕರೆ ನಿಲ್ಲಿಸೋಣ. ಮರೆಯಲಿ."

"ನಿನ್ನ ಬಾಗಿಲು?"

"ಹೋಗುತ್ತದೆ."

ಯಜಮಾನ ಒಪ್ಪಲಿಲ್ಲ, ಹನ್ನೊಂದು ತಿಂಗಳು ಒಪ್ಪಲಿಲ್ಲ. ಹನ್ನೆರಡನೆಯ ತಿಂಗಳು ಅವನ ಮನೆಯ ಗಿರ್ಲು ಬರಲಿಲ್ಲ. ನಾಲ್ಕು ಜನ ಬಂದರು, ಹೊತ್ತರು, ಮಲಗಿಸಿದರು. ಬಾಗಿಲು ತಿರುವು ದಾಟಿದ ಮೇಲೆ ಯಜಮಾನ ಗಂಟಲು ಸರಿಮಾಡಿಕೊಂಡು, "ಬಲೆ ಎಲ್ಲಿಗೆ ಬಂತು ತಾಯಿ?" ಅಂತ ಕೇಳಿದ. ಅಷ್ಟು ಹೊತ್ತಿಗೆ ಊರಿನಲ್ಲಿ ನಾಲ್ಕು ಬಾಗಿಲು ಉಳಿದಿದ್ದವು.

ಒಂಬತ್ತು ಬೆಳಗು ಕರೆ ಇಲ್ಲ, ಅನ್ನ ಇಲ್ಲ. ಉಳಿದ ನಾಲ್ಕು ಮನೆಯಲ್ಲೂ ಒಲೆ ಇಲ್ಲ. ಹತ್ತನೆಯ ಬೆಳಗು ನೆಲಕ್ಕೆ ಹಾಸಿದ ಬಲೆಯ ಹಗ್ಗಗಳನ್ನು ಈ ದಡದಲ್ಲಿ ಇಪ್ಪತ್ತು ಜನ, ಆ ದಡದಲ್ಲಿ ಇಪ್ಪತ್ತು ಜನ ಹಿಡಿದರು. ಬಲೆ ನೇಯುವವಳು ನಡುವಿನ ಹಗ್ಗ ಸೊಂಟಕ್ಕೆ ಸುತ್ತಿಕೊಂಡಳು. ಕರೆಯುವವನ ಹೆಂಡತಿ ಯಾವತ್ತಿನ ಜಾಗದಲ್ಲಿ, ಮೇಲಿನ ಮೆಟ್ಟಿಲಲ್ಲಿ ನಿಂತಳು. ಅವಳಿಗೆ ನಿಲ್ಲುವ ಕೆಲಸವಿರಲಿಲ್ಲ. ಮೂವತ್ತನಾಲ್ಕು ವರ್ಷದ ಕಾಲು, ಬೇರೆ ಕಡೆ ನಿಲ್ಲಲು ಗೊತ್ತಿಲ್ಲ.

ಅವನು ಇಳಿದ. ಚಿಪ್ಪಿನಿಂದ ಮೂರು ಸಲ ಬಡಿದ. ಒಂದೇ ಹೆಸರು ಕರೆದ.

"ಅತಿಥಿಯೇ ಬಾ."

ಈಗ ಹೇಳಿ, ಊಹಿಸಿದ್ದು ಇದೇ ತಾನೆ? ನೀರು ಕಪ್ಪಾಯಿತು. ಒಂಬತ್ತು ದಿನ ಹಸಿದ ಕಪ್ಪು ಕುದಿಯಿತು, ಒಂದರ ಮೇಲೊಂದು, ಬಾಯಿಯ ಮೇಲೆ ಬಾಯಿ. ಅವನು ಬುಟ್ಟಿ ಬೋರಲು ಹಾಕಿದ. ಹಗ್ಗ ಹಿಡಿದವರು ಅವನ ಮುಖ ನೋಡಿದರು. ಇನ್ನು ಒಂದೇ ಮಾತು, "ತೆಗೆದೆ" ಅಂದರೆ ಮುಗಿಯಿತು. ಅವನು ಬಾಯಿ ತೆರೆದ.

ಕಪ್ಪಿನ ನಡುವೆ ಒಂದು ಬೆಳ್ಳಗಿನದು ಮೇಲೆ ಬಂತು. ಎಡ ರೆಕ್ಕೆ ಹರಿದದ್ದು. ಅದರ ಪಕ್ಕದಲ್ಲಿ ಕೊರವದ ಚಪ್ಪಟೆ ತಲೆ. ಆಚೆ ಮುದಿ ಬಾಳೆಮೀನು, ಮೆಲ್ಲಗೆ, ಯೋಚಿಸುತ್ತ, ಬಲೆಯ ನಡುವಿಗೆ.

ಅವು ಹೆಸರಿಗೆ ಬರುತ್ತಲೇ ಇರಲಿಲ್ಲ. ಯಾವತ್ತೂ ಬಂದಿರಲಿಲ್ಲ. ಅವು ಆ ಗಂಟಲಿಗೆ ಬರುತ್ತಿದ್ದವು. ಅವನು ಯಾರನ್ನು ಕರೆದರೂ ತಮ್ಮನ್ನೇ ಕರೆದ ಅಂದುಕೊಂಡು, ಮೂವತ್ತನಾಲ್ಕು ವರ್ಷ ಸರದಿ ಕಾದು, ಒಂದೊಂದಾಗಿ ಬರುತ್ತಿದ್ದವು. ಇವತ್ತು ಹಸಿದಿದ್ದವು, ಸರದಿ ಕಾಯಲಿಲ್ಲ, ಅಷ್ಟೆ.

ತೆಗೆದೆ ಅನ್ನದಿದ್ದರೆ ಬಲೆ ನೆಲದಲ್ಲೇ ಉಳಿಯುತ್ತದೆ, ಇನ್ನೊಂದು ವಾರದಲ್ಲಿ ಮಳೆನೀರು ಅದನ್ನು ಹೊತ್ತೊಯ್ಯುತ್ತದೆ, ಉಳಿದ ನಾಲ್ಕು ಬಾಗಿಲೂ ಹೋಗುತ್ತವೆ. ತೆಗೆದೆ ಅಂದರೆ, ಅಷ್ಟು ಭಾರದ ಕಪ್ಪಿನ ಅಡಿಯಲ್ಲಿ ತನ್ನ ಮೀನು. ಅವನು ಹಿಂದೆ ತಿರುಗಿ ಮೇಲೆ ನೋಡಿದ. ಹೆಂಡತಿಯೂ ಕಂಡಿದ್ದಳು. ಮೀನು ಕಂಡೊಡನೆ ಹೇಳುವ ಮಾತು ಅವಳ ಬಾಯಿಗೆ ಒಂದೇ. ಅವಳು ಅದನ್ನೇ ಹೇಳಿದಳು, ಮೆಲ್ಲಗೆ, ಆದರೂ ಹದಿನೇಳು ಮೆಟ್ಟಿಲಿಗೂ ಕೇಳಿಸುವಂತೆ:

"ಬಂತು."

ಅವನು ಹೊಳೆಯ ಕಡೆ ತಿರುಗಿದ. "ತೆಗೆದೆ," ಅಂದ.

ನಲವತ್ತು ಜನ ಎಳೆದರು. ಬಲೆ ನೇಯುವವಳು ಸೊಂಟದ ಹಗ್ಗದೊಡನೆ ಹಿಂದೆ ಹಿಂದೆ ನಡೆದಳು, ಮೆಟ್ಟಿಲು ಹತ್ತಿದಳು. ಕಪ್ಪು ಗುಡ್ಡವೊಂದು ನೀರಿನಿಂದ ಎದ್ದು ಬಂತು. ಅದು ನೆಲಕ್ಕೆ ಬಿದ್ದಾಗ ಆದ ಸದ್ದನ್ನು ಆ ಊರಿನವರು ಇವತ್ತಿಗೂ ಅನುಕರಿಸಿ ತೋರಿಸುವುದಿಲ್ಲ. ಕೇಳಿ ನೋಡಿ, ಮಾತು ಬದಲಿಸುತ್ತಾರೆ.

ಕರೆಯುವವನು ಆ ಗುಡ್ಡದೊಳಕ್ಕೆ ಭುಜದವರೆಗೆ ಕೈ ತೂರಿಸಿದ. ಹರಿದ ರೆಕ್ಕೆಯದು ಸಿಕ್ಕಿತು. ಕಣ್ಣು ಹೊರಗೆ ಬಂದಿತ್ತು. ಕೊರವ ಸತ್ತಿತ್ತು. ಬಾಳೆಮೀನು ಬಾಯಿ ಒಂದು ಸಲ ತೆರೆದು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಅವನು ಮೊಣಕಾಲೂರಿ ಕೂತೇಬಿಟ್ಟ.

"ಅಲ್ಲೇ ಕೂರಬೇಡಿ," ಅಂದಳು ಹೆಂಡತಿ. ಅವಳು ಇಳಿದು ಬಂದು ತಾನೂ ಕೈ ತೂರಿಸಿದ್ದಳು. "ಇಲ್ಲಿ ನೋಡಿ. ಇನ್ನೊಂದು ಇದೆ."

ಇನ್ನೊಂದು ಬಿಳಿಮೀನು. ಅದರ ರೆಕ್ಕೆ ಹರಿದಿರಲಿಲ್ಲ. ಅದರ ಅಡಿಯಲ್ಲಿ ಮತ್ತೂ ಒಂದು. ಎರಡೂ ಬದುಕಿದ್ದವು. ಅಷ್ಟು ವರ್ಷವೂ ಮೂರು ಮೀನು ಬರುತ್ತಿದ್ದವು. ಅವನು ಒಂದೇ ಅಂದುಕೊಂಡಿದ್ದ. ಮನೆಯ ಮೀನು ಅನ್ನುತ್ತಿದ್ದ, ಮೀನಿನ ಮುಖ ನೋಡಿರಲಿಲ್ಲ.

"ಹಂಡೆ ತನ್ನಿ," ಅಂದಳು ಬಲೆ ನೇಯುವವಳು. "ಅಡ್ಡಬಂಡೆಯ ಮೇಲಕ್ಕೆ ಒಯ್ಯೋಣ. ಅತಿಥಿ ಅಲ್ಲಿಗೆ ಹತ್ತಲಾರದು."

ಅಡ್ಡಬಂಡೆ ಅಂದರೆ ಊರಿನಿಂದ ಅರ್ಧ ದಿನ ಮೇಲಕ್ಕೆ, ಹೊಳೆ ಮೂರು ಆಳೆತ್ತರದಿಂದ ಧುಮುಕುವ ಜಾಗ. ಅದರ ಮೇಲೊಂದು ಮಡು ಇದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ, ಕರೆಯುವ ಮೆಟ್ಟಿಲಿಲ್ಲವಲ್ಲ. ಹಂಡೆ ಬಂತು, ನೀರು ತುಂಬಿದರು. ಎರಡು ಬಿಳಿಮೀನು, ರಾಶಿಯ ಅಂಚಿನಲ್ಲಿ ಸಿಕ್ಕ ಬೆರಳೆಣಿಕೆಯ ಕುಚ್ಚು ಮೀನು, ಅಷ್ಟೇ. ಆದರೆ ತುಂಬಿದ ಹಂಡೆಯನ್ನು ಬಂಡೆಗಳ ಮೇಲೆ ಕೈಯಲ್ಲಿ ಹೊರಲು ಆಗುತ್ತದೆಯೇ?

ಕರೆಯುವವನು ಎದ್ದು ಮನೆಗೆ ಹೋದ. ಕೀಲು ಬಿಡಿಸಿದ. ತನ್ನ ಬಾಗಿಲನ್ನು ಬೆನ್ನ ಮೇಲೆ ಹೊತ್ತು ತಂದು ಹಂಡೆಯ ಪಕ್ಕದಲ್ಲಿ ಮಲಗಿಸಿದ.

"ಕಟ್ಟಳೆಯ ಪ್ರಕಾರ ಅದು ಕೆಳಕ್ಕೆ ಹೋಗಬೇಕು," ಅಂದ ಯಜಮಾನ.

"ಹೊಳೆಗೆ ಹೋಗಬೇಕು ಅಂತ ಇದೆ," ಅಂದಳು ಹೆಂಡತಿ. "ಯಾವ ಕಡೆಗೆ ಅಂತ ಎಲ್ಲಿದೆ? ಹಿಡಿಯಿರಿ ಒಂದು ಮೂಲೆ."

ಯಜಮಾನ ಒಂದು ಮೂಲೆ ಹಿಡಿದ. ಕೆತ್ತನೆಯ ಬಿಳಿಮೀನಿನ ಮೇಲೆ ಹಂಡೆ, ಹಂಡೆಯೊಳಗೆ ಬಿಳಿಮೀನು, ನಾಲ್ಕು ಭುಜ. ಹದಿನೈದು ಬಾಗಿಲು ಹೊಳೆಯ ಜೊತೆ ಹೋದ ಊರಿನಲ್ಲಿ ಒಂದು ಬಾಗಿಲು ಹೊಳೆಯ ಎದುರಿಗೆ ಹೋಯಿತು. ಯಾರೂ ಮಾತಾಡಲಿಲ್ಲ. ಮಡುವಿಗೆ ಹಂಡೆ ಬಗ್ಗಿಸುವಾಗ ಕರೆಯುವವನ ತುಟಿ ಅಲುಗಿತು. ಹೆಂಡತಿ ತನ್ನ ಒದ್ದೆ ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಆಮೇಲೆ ಬಾಗಿಲನ್ನು ನೀರಿನ ಮೇಲೆ ಮಲಗಿಸಿದರು. ಅದು ತೇಲಿ ಹೋಗಲಿಲ್ಲ. ಎರಡು ಬಂಡೆಗಳ ನಡುವೆ ಸಿಕ್ಕಿ ನಿಂತಿತು. ಅದರ ನೆರಳಿನೊಳಕ್ಕೆ ಎರಡು ಬಿಳುಪು ಸರಿದು ಹೋದದ್ದು ಕಂಡಿತು.

ಕತೆ ಸುಖವಾಗಿ ಮುಗಿಯಿತು ಅಂದುಕೊಂಡು ಎಲೆ ಅಡಿಕೆಗೆ ಕೈ ಹಾಕಬೇಡಿ. ಕೆಳಗಿನ ಹೊಳೆಯಲ್ಲಿ ಕಪ್ಪು ಮೀಸೆ ಪೂರ್ತಿ ಹೋಗಲಿಲ್ಲ. ಬಲೆ ನೇಯುವವಳು ದಿನವೂ ಎಳೆಯುತ್ತಾಳೆ. ಇವತ್ತು ಎಳೆದಷ್ಟು ನಾಳೆ ಇರುತ್ತದೆ. ಎಳೆಯುವುದನ್ನು ಅವಳಾದ ಮೇಲೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು ಮಾಡಬೇಕು. ಉಳಿದಿದ್ದ ಮೂರು ಬಾಗಿಲುಗಳಲ್ಲಿ ಕೊರವದ ಬಾಗಿಲು, ಬಾಳೆಮೀನಿನ ಬಾಗಿಲು ಮುಂದಿನ ಹುಣ್ಣಿಮೆಗೆ ತಿರುವು ದಾಟಿದವು. ಕುಚ್ಚಿನ ಬಾಗಿಲು ಅದರ ಮುಂದಿನ ಹುಣ್ಣಿಮೆಗೆ. ಕಟ್ಟಳೆ ಬೆಳೆಸಿದ್ದ ಊರಿಗೆ ಕಟ್ಟಳೆ ನಿಲ್ಲಿಸುವುದು ಗೊತ್ತಿರಲಿಲ್ಲ. ಕರೆಯುವವನು ಮೆಟ್ಟಿಲಿಗೆ ಇಳಿಯುವುದಿಲ್ಲ. ಇಳಿದು ಕರೆದರೂ ಆ ಗಂಟಲಿಗೆ ಈಗ ಯಾವುದೂ ಬಾರದು. ಮೀನು ಪಾಠ ಕಲಿಯುತ್ತದೆ.

ಮೂರು ಮಳೆಗಾಲ ಕಳೆದ ಮೇಲೆ ಗಂಡ ಹೆಂಡತಿ ಅಡ್ಡಬಂಡೆಗೆ ಹತ್ತಿದರು. ಬಾಗಿಲು ಅಲ್ಲೇ ಇತ್ತು, ಪಾಚಿ ಹಿಡಿದು. ಅದರ ಅಂಚಿನಲ್ಲಿ, ಬಿಸಿಲು ತಾಗುವ ತೆಳು ನೀರಿನಲ್ಲಿ, ಬೆರಳುದ್ದದ ಏಳೋ ಎಂಟೋ ಬೆಳ್ಳಗಿನವು ತಲೆ ಎದುರು ನೀರಿಗೆ ಕೊಟ್ಟು ನಿಂತಿದ್ದವು. ಹೆಂಡತಿ ಬಾಯಿ ತೆರೆದಳು. ಈ ಸಲ ಅವನು ಅವಳ ಬಾಯಿಗೆ ಅಂಗೈ ಒತ್ತಿದ. ಹಾಗೇ ಸಂಜೆಯವರೆಗೆ ಕೂತಿದ್ದರು. ಮೂವತ್ತನಾಲ್ಕು ವರ್ಷ ಕರೆದವನು ಕರೆಯಲಿಲ್ಲ, ಮೂವತ್ತನಾಲ್ಕು ವರ್ಷ ಬಂತು ಅಂದವಳು ಅನ್ನಲಿಲ್ಲ. ಮೀನುಗಳು ಅವರ ನೆರಳಿಗೆ ಹೆದರಿ ಬಾಗಿಲ ಕೆಳಗೆ ಓಡಿದವು. ಹೆದರಿದ್ದು ನೋಡಿ ಇಬ್ಬರಿಗೂ ಸಮಾಧಾನವಾಯಿತು.

ಊರಿಗೆ ಇಳಿದು ಬಂದ ಮೇಲೆ ಹೆಂಡತಿ ಸುಣ್ಣ ಕಲಸಿದಳು. ಬಾಗಿಲಿಲ್ಲದ ತಮ್ಮ ಮನೆಯ ಚೌಕಟ್ಟಿನ ನೆತ್ತಿಯ ಮೇಲೆ, ಬಲೆ ಎಳೆದ ಆ ದಿನವನ್ನು ಬರೆದಳು. ಹಾದುಹೋಗುವವರು ಈಗ ಮುಖ ತಿರುಗಿಸದೆ ನಿಂತು ಓದುತ್ತಾರೆ. ಹೆಚ್ಚೇನಿಲ್ಲ, ಇಷ್ಟೇ ಇದೆ: ವೈಶಾಖ ಬಹುಳ ದಶಮಿ, ಗುರುವಾರ, ಹೊತ್ತು ಹುಟ್ಟುವಾಗ.